ಟೆಂಟ್ ಹಾಕೋ ಮೊದಲು ಪಹಣಿ ನೋಡಿ: ಮದ್ದೂರಿನ ಕಾಡಂಚಿನಲ್ಲಿ ಕ್ಯಾಂಪ್ ಸೈಟ್ ಲೆಕ್ಕಾಚಾರ

ಮದ್ದೂರು ಅಂದ ತಕ್ಷಣ ಕ್ಲಾಸಲ್ಲಿ ಎಲ್ಲರೂ ಕೇಳೋದು ಒಂದೇ: "ವಡೆ ತಂದ್ಯಾ?" ಆ ಮದ್ದೂರು ಮಂಡ್ಯ ಜಿಲ್ಲೆಯದು. ನಾನು ಹೇಳ್ತಿರೋದು ಚಾಮರಾಜನಗರ ಜಿಲ್ಲೆ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು, ನಮ್ಮ ತಾತನ ಊರು. ಗುಂಡ್ಲುಪೇಟೆಯಲ್ಲಿ ರಸ್ತೆ ಎರಡಾಗಿ ಒಡೆಯುತ್ತದೆ. ಒಂದು ಬಂಡೀಪುರ ದಾಟಿ ಊಟಿಗೆ. ಇನ್ನೊಂದು ರಾಷ್ಟ್ರೀಯ ಹೆದ್ದಾರಿ 766, ಮದ್ದೂರು, ಮೂಲೆಹೊಳೆ ದಾಟಿ ವಯನಾಡಿಗೆ. ಈ ಎರಡನೇ ರಸ್ತೆಯಲ್ಲಿ ಕಾರಲ್ಲಿ ಹೋಗಿದ್ದರೆ ಮದ್ದೂರು ಚೆಕ್‌ಪೋಸ್ಟ್ ನೋಡೇ ಇರ್ತೀರಿ. ಅಲ್ಲಿಂದ ಆಚೆ ಕಾಡು, ಈಚೆ ಹೊಲ.

ಈಗ ಆ ಹೊಲಗಳ ಮೇಲೆ ಹೊಸ ಕಣ್ಣು ಬಿದ್ದಿದೆ. "ನಿಮ್ಮ ಎರಡು ಎಕರೆ ಕೊಡಿ, ಟೆಂಟ್ ಹಾಕ್ತೀವಿ, ಕಟ್ಟಡ ಕಟ್ಟಲ್ಲ, ಆ್ಯಪ್‌ನಲ್ಲಿ ಬುಕಿಂಗ್, ತಿಂಗಳಿಗೆ ಇಷ್ಟು ಕೊಡ್ತೀವಿ" ಅಂತ ಕೇಳುವವರು ಬರ್ತಿದ್ದಾರೆ. ನಮ್ಮ ದೊಡ್ಡಪ್ಪನನ್ನೂ ಕೇಳಿದ್ದಾರೆ. ಮನೆಯಲ್ಲಿ ಎಲ್ಲರೂ ನನ್ನ ಕಡೆ ತಿರುಗಿ "ನೀನು ಇಂಜಿನಿಯರಿಂಗ್ ಓದ್ತಿದೀಯಲ್ಲ, ಕಂಪ್ಯೂಟರಲ್ಲಿ ನೋಡಿ ಹೇಳು" ಅಂದರು. ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ. ಪಹಣಿ, ಪೋಡಿ, ಖರಾಬು ಅನ್ನೋ ಪದಗಳನ್ನು ಮನೆಯವರ ಹತ್ತಿರ ಕೂತು ಕೇಳಿ ತಿಳ್ಕೊಂಡೆ. ಹಾಗೆ ಕಲಿತದ್ದನ್ನ ಪಾಠದ ಥರ ಇಲ್ಲಿ ಬರೀತಿದ್ದೀನಿ. ನಮ್ಮ ಕಾಲೇಜಲ್ಲಿ ಅರ್ಧಕ್ಕರ್ಧ ಜನರ ಮನೆಯಲ್ಲಿ ಎಲ್ಲೋ ಒಂದು ಕಡೆ ಜಮೀನಿದೆ. ಇವತ್ತಲ್ಲ ನಾಳೆ ಈ ಪ್ರಶ್ನೆ ನಿಮ್ಮ ಮನೆಗೂ ಬರಬಹುದು.

ಮೊದಲು: ಕ್ಯಾಂಪ್ ಸೈಟ್ ವ್ಯಾಪಾರ ಅಂದರೇನು?

ಅಮೆರಿಕದಲ್ಲಿ ಇದು ಹಳೇ ವ್ಯಾಪಾರ. ಅಲ್ಲಿ ಜನ ಮನೆಯಂಥ ವ್ಯಾನ್‌ಗಳಲ್ಲಿ ಊರೂರು ಸುತ್ತುತ್ತಾರೆ. ರಾತ್ರಿ ನಿಲ್ಲಿಸೋಕೆ ಜಾಗ, ಕರೆಂಟ್, ನೀರು, ಟಾಯ್ಲೆಟ್ ಬೇಕು. ಅದನ್ನೇ ಬಾಡಿಗೆಗೆ ಕೊಡೋದು ಕ್ಯಾಂಪ್‌ಗ್ರೌಂಡ್. 1962ರಲ್ಲಿ ಮೊಂಟಾನಾ ರಾಜ್ಯದ ಬಿಲ್ಲಿಂಗ್ಸ್ ಊರಲ್ಲಿ ಶುರುವಾದ 'ಕ್ಯಾಂಪ್‌ಗ್ರೌಂಡ್ಸ್ ಆಫ್ ಅಮೆರಿಕ' ಇದನ್ನ ಫ್ರಾಂಚೈಸಿ ಮಾಡಿತು. 2013ರಲ್ಲಿ ಬಂದ 'ಹಿಪ್‌ಕ್ಯಾಂಪ್' ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರೈತರು ತಮ್ಮ ಜಮೀನಿನ ಒಂದು ಮೂಲೆಯನ್ನೇ ಆನ್‌ಲೈನಲ್ಲಿ ಬಾಡಿಗೆಗೆ ಹಾಕೋ ಹಾಗೆ ಮಾಡಿತು. ನಮ್ಮಲ್ಲಿ ಈಗ ಬರ್ತಿರೋ ಆ್ಯಪ್‌ಗಳ ಐಡಿಯಾ ಇಂಥದ್ದೇ.

ನಮ್ಮ ಜಿಲ್ಲೆಗೂ ಟೆಂಟ್ ಹೊಸದಲ್ಲ. 1980ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್, ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಲ್ಲಿ ಟೆಂಟ್ ಇರುವ ಕ್ಯಾಂಪ್ ನಡೆಸುತ್ತದೆ. ಬಂಡೀಪುರದಲ್ಲೂ ಅದರ ಲಾಡ್ಜ್ ಇದೆ. ಅಂದರೆ ಕಾಡು ನೋಡೋಕೆ ಜನ ದುಡ್ಡು ಕೊಟ್ಟು ಬರ್ತಾರೆ ಅನ್ನೋದರಲ್ಲಿ ಅನುಮಾನ ಇಲ್ಲ. ಖಾಸಗಿ ಹೊಲದಲ್ಲಿ ಅದೇ ಟೆಂಟ್ ಹಾಕೋಕೆ ಕಾನೂನು ಬಿಡುತ್ತಾ, ಹಾಕಿದರೆ ಲೆಕ್ಕ ಕೂಡುತ್ತಾ ಅನ್ನೋದೇ ಪ್ರಶ್ನೆ.

ದುಡ್ಡಿನ ಲೆಕ್ಕ

ಒಂದು ಉದಾಹರಣೆ ಮಾಡೋಣ. ಕೆಳಗಿನ ಅಂಕಿಗಳೆಲ್ಲ ಲೆಕ್ಕ ಅರ್ಥ ಆಗಲಿ ಅಂತ ನಾನು ಇಟ್ಟುಕೊಂಡದ್ದು. ನಿಮ್ಮೂರಿನ ರೇಟ್ ಹಾಕಿ ನೀವೇ ಬದಲಾಯಿಸಿಕೊಳ್ಳಿ.

10 ಟೆಂಟ್, ಒಂದಕ್ಕೆ ಕಟ್ಟೆ, ಮಂಚ ಎಲ್ಲ ಸೇರಿ 1 ಲಕ್ಷ: 10 ಲಕ್ಷ. ಟಾಯ್ಲೆಟ್, ಬೋರ್‌ವೆಲ್, ಅಡುಗೆಮನೆ, ಸೋಲಾರ್ ಬೇಲಿ: 10 ಲಕ್ಷ. ಒಟ್ಟು ಬಂಡವಾಳ 20 ಲಕ್ಷ. ಜನ ಬರೋದು ವಾರಾಂತ್ಯಕ್ಕೆ. ವರ್ಷಕ್ಕೆ 104 ವಾರಾಂತ್ಯದ ರಾತ್ರಿಗಳಿವೆ. ಜೋರು ಮಳೆ, ಪರೀಕ್ಷೆ ಕಾಲ ಕಳೆದು 80 ರಾತ್ರಿ ಅಂತ ಇಟ್ಟುಕೊಳ್ಳೋಣ. ಟೆಂಟಿಗೆ ರಾತ್ರಿಗೆ 2,000 ರೂಪಾಯಿ.

ಲೆಕ್ಕ ಒಂದು, ಎಲ್ಲ ಟೆಂಟೂ ಭರ್ತಿ: 10 × 80 × 2,000 = 16 ಲಕ್ಷ ಆದಾಯ. ಬುಕಿಂಗ್ ಆ್ಯಪ್ ಕಮಿಷನ್ 15 ಪರ್ಸೆಂಟ್, 2.4 ಲಕ್ಷ. ಇಬ್ಬರು ಕೆಲಸದವರಿಗೆ ವರ್ಷಕ್ಕೆ 3.6 ಲಕ್ಷ. ರಿಪೇರಿ, ಕರೆಂಟ್, ಕ್ಲೀನಿಂಗ್ 2 ಲಕ್ಷ. ಉಳಿಯೋದು 8 ಲಕ್ಷ. ಎರಡೂವರೆ ವರ್ಷಕ್ಕೆ ಹಾಕಿದ ದುಡ್ಡು ವಾಪಸ್.

ಲೆಕ್ಕ ಎರಡು, ಅರ್ಧ ಭರ್ತಿ: ಆದಾಯ 8 ಲಕ್ಷ. ಕಮಿಷನ್ 1.2 ಲಕ್ಷ. ಕೆಲಸದವರ ಸಂಬಳ ಅಷ್ಟೇ, 3.6 ಲಕ್ಷ. ಉಳಿದ ಖರ್ಚು 1.2 ಲಕ್ಷ. ಉಳಿಯೋದು 2 ಲಕ್ಷ. ದುಡ್ಡು ವಾಪಸ್ ಬರೋಕೆ ಹತ್ತು ವರ್ಷ. ಬಿಸಿಲು ಮಳೆಗೆ ಟೆಂಟಿನ ಬಟ್ಟೆ ಹತ್ತು ವರ್ಷ ಬಾಳೋದು ಕಷ್ಟ. ಐದು ವರ್ಷಕ್ಕೊಮ್ಮೆ ಬದಲಿಸೋಕೆ 5 ಲಕ್ಷ ಬೇಕು ಅಂದರೆ ವರ್ಷಕ್ಕೆ 1 ಲಕ್ಷ ಅದಕ್ಕೇ ಎತ್ತಿಡಬೇಕು. ಆಗ ಇಪ್ಪತ್ತು ವರ್ಷ.

ಗಮನಿಸಿ, ಭರ್ತಿ ಅರ್ಧ ಆದರೆ ಲಾಭ ಅರ್ಧ ಆಗಲಿಲ್ಲ, ಕಾಲು ಭಾಗಕ್ಕೆ ಇಳಿಯಿತು. ಸಂಬಳದ ಥರದ ಫಿಕ್ಸೆಡ್ ಖರ್ಚು ಇಳಿಯಲ್ಲ, ಅದಕ್ಕೆ. ಬ್ರೋಷರ್‌ನಲ್ಲಿ ತೋರಿಸೋದು ಯಾವಾಗಲೂ ಮೊದಲನೇ ಲೆಕ್ಕ. ಯಾರಾದರೂ ಕ್ಯಾಂಪ್ ಸೈಟ್ ಪ್ಲಾನ್ ತಂದರೆ "ಅರ್ಧ ಖಾಲಿ ಇದ್ದರೆ ಎಷ್ಟು?" ಅಂತ ಕೇಳಿ.

ಇದೂ ಬೇಡ, ಬರೀ ಜಮೀನು ಕೊಟ್ಟು ಬಾಡಿಗೆ ತಗೊಳ್ಳೋಣ ಅಂದ್ರೆ? ಅಲ್ಲೇ ನಿಜವಾದ ಕಥೆ ಶುರುವಾಗೋದು.

ಕಾನೂನಿನ ಲೆಕ್ಕ

ಟೆಂಟ್ ಕಟ್ಟಡ ಅಲ್ಲ, ಹಾಗಾಗಿ ಯಾವ ಪರ್ಮಿಷನ್ನೂ ಬೇಡ ಅಂತ ತುಂಬ ಜನ ಹೇಳ್ತಾರೆ. ಆದರೆ ಕಾನೂನು ನೋಡೋದು ಜಮೀನನ್ನು ಯಾವ ಕೆಲಸಕ್ಕೆ ಬಳಸ್ತಿದ್ದೀರಿ ಅಂತ. ಅದರಲ್ಲಿ ನಾಲ್ಕು ಬಾಗಿಲುಗಳಿವೆ.

ಒಂದು, ಭೂ ಪರಿವರ್ತನೆ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಪರಿವರ್ತನೆ ಆಗಬೇಕು. ನಮ್ಮ ಕಡೆ ಇದಕ್ಕೆ 'ಅಲಿನೇಷನ್' ಅಂತಾರೆ.

ಎರಡು, ಗುತ್ತಿಗೆ. ಕರ್ನಾಟಕ ಭೂ ಸುಧಾರಣಾ ಕಾಯ್ದೆ 1961ರ 5ನೇ ಕಲಂ ಕೆಲವು ವಿನಾಯಿತಿ ಬಿಟ್ಟರೆ ಕೃಷಿ ಜಮೀನನ್ನು ಗೇಣಿಗೆ, ಗುತ್ತಿಗೆಗೆ ಕೊಡೋದನ್ನೇ ತಡೆಯುತ್ತದೆ. 2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಂಗಳನ್ನು ತೆಗೆದರು. ಅದರಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಂಡುಕೊಳ್ಳಬಹುದು. ಆದರೆ ಕೊಳ್ಳೋದು ಬೇರೆ, ಬಳಕೆ ಬದಲಿಸೋದು ಬೇರೆ. ಪರಿವರ್ತನೆ ಆದ ಜಮೀನನ್ನೇ ಗುತ್ತಿಗೆಗೆ ಕೊಟ್ಟರೂ, ಒಂದು ವರ್ಷಕ್ಕಿಂತ ಜಾಸ್ತಿ ಅವಧಿ ಇದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಕಡ್ಡಾಯ. ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡು ಹೋಗೋದು ಸಾಲಲ್ಲ.

ಮೂರು, ಮಂಜೂರಾದ ಜಮೀನು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡೋ ಹಾಗಿಲ್ಲ. ಇದು 1978ರ ಪಿಟಿಸಿಎಲ್ ಕಾಯ್ದೆ. ಇಂಥ ಜಮೀನನ್ನ ವಾಪಸ್ ಕೇಳೋಕೆ ಕಾಲದ ಮಿತಿ ಇರಬಾರದು ಅಂತ 2023ರಲ್ಲಿ ತಿದ್ದುಪಡಿಯೂ ಆಗಿದೆ. ಕಾಡಂಚಿನ ಹಳ್ಳಿಗಳಲ್ಲಿ ಇಂಥ ಜಮೀನು ಬಹಳ. ಕಡಿಮೆ ರೇಟಿಗೆ ಸಿಕ್ತು ಅಂತ ಕೊಂಡವರಿಗೆ ಅಪಾಯ, ತಿಳಿಯದೆ ಸಹಿ ಹಾಕಿದ ಬಡವರಿಗೆ ಇನ್ನೂ ಅಪಾಯ.

ನಾಲ್ಕು, ಪರಿಸರ ಸೂಕ್ಷ್ಮ ವಲಯ. ಬಂಡೀಪುರ 1973ರಿಂದ ಹುಲಿ ಯೋಜನೆಯ ಕಾಡು. ಅದರ ಸುತ್ತ 2012ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪರಿಸರ ಸೂಕ್ಷ್ಮ ವಲಯ ಅಧಿಸೂಚನೆ ಹೊರಡಿಸಿತು. ಇದರೊಳಗೆ 123 ಹಳ್ಳಿಗಳು ಬರುತ್ತವೆ. ಇಂಥ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿ ಇರ್ತವೆ: ಮಾಡಲೇಬಾರದ್ದು, ಅನುಮತಿ ಪಡೆದು ಮಾಡಬಹುದಾದ್ದು, ಧಾರಾಳವಾಗಿ ಮಾಡಬಹುದಾದ್ದು. ಬೇಸಾಯಕ್ಕೆ ತೊಂದರೆ ಇಲ್ಲ. ಹೋಟೆಲ್, ರೆಸಾರ್ಟ್ ಥರದ ವ್ಯಾಪಾರಕ್ಕೆ ಬಿಗಿ. ನಿಮ್ಮ ಹಳ್ಳಿ, ಸರ್ವೆ ನಂಬರ್ ಅದರೊಳಗಿದೆಯಾ ಅನ್ನೋದನ್ನ ಅಧಿಸೂಚನೆಯ ಪಟ್ಟಿ, ನಕ್ಷೆ ಇಟ್ಟುಕೊಂಡೇ ನೋಡಬೇಕು. ಬ್ರೋಕರ್ ಬಾಯಿ ಮಾತಲ್ಲಿ ಅಲ್ಲ.

ಇದರ ಜೊತೆಗೆ ರಸ್ತೆ. ಕಾಡಿನೊಳಗಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಬಿಡಲ್ಲ. ಕೇರಳದಿಂದ ಬರೋ ಅತಿಥಿ 9 ಗಂಟೆಯೊಳಗೆ ಕಾಡು ದಾಟಬೇಕು. ನಿಮ್ಮ ಬಿಸಿನೆಸ್ ಪ್ಲಾನಿನ ಟೈಮ್ ಟೇಬಲ್ ಬರೆಯೋದು ಆ ಗೇಟು.

ಪಕ್ಕದ ಮನೆಯಲ್ಲಿ ಏನಾಯ್ತು?

ಬಂಡೀಪುರಕ್ಕೆ ಅಂಟಿಕೊಂಡೇ ತಮಿಳುನಾಡಿನ ಮುದುಮಲೈ ಇದೆ. ಅಲ್ಲಿ ಮಸಿನಗುಡಿ ಸುತ್ತ ಸಿಗೂರು ಪ್ರಸ್ಥಭೂಮಿಯಲ್ಲಿ ಆನೆ ಕಾರಿಡಾರ್ ಇದೆ, ಅಂದರೆ ಆನೆಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗೋ ದಾರಿ. ಆ ದಾರಿಯಲ್ಲಿ ವರ್ಷಗಳಿಂದ ರೆಸಾರ್ಟ್‌ಗಳು ಎದ್ದವು. 2010ರಲ್ಲಿ ತಮಿಳುನಾಡು ಸರ್ಕಾರ ಕಾರಿಡಾರ್ ಗುರುತಿಸಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನ ಎತ್ತಿಹಿಡಿಯಿತು. 2018ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ರೆಸಾರ್ಟ್‌ಗಳಿಗೆ ಬೀಗ ಬಿತ್ತು. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಂತಿಮವಾಗಿ ಕಾರಿಡಾರ್ ಪರವಾಗೇ ತೀರ್ಪು ಕೊಟ್ಟಿತು. ಅಲ್ಲಿ ಕಟ್ಟಡಗಳು ಚೆನ್ನಾಗೇ ಇದ್ದವು, ಗಿರಾಕಿಗಳೂ ಇದ್ದರು. ಮುಳುಗಿಸಿದ್ದು ಜಾಗ.

ಇನ್ನೊಂದು ಪಕ್ಕ ವಯನಾಡು. 2021ರ ಜನವರಿಯಲ್ಲಿ ಮೇಪ್ಪಾಡಿ ಹತ್ತಿರ ಕಾಡಂಚಿನ ರೆಸಾರ್ಟ್ ಒಂದರ ಟೆಂಟಿನಲ್ಲಿ ತಂಗಿದ್ದ ಪ್ರವಾಸಿ ಮಹಿಳೆಯೊಬ್ಬರು ಆನೆ ದಾಳಿಯಲ್ಲಿ ತೀರಿಕೊಂಡರು. ಗೋಡೆ ಇರೋ ಮನೆಯೇ ಆನೆಗೆ ಲೆಕ್ಕ ಇಲ್ಲ, ಬಟ್ಟೆಯ ಟೆಂಟ್ ಯಾವ ಲೆಕ್ಕ? 20 ಲಕ್ಷದ ಲೆಕ್ಕದಲ್ಲಿ ಈ ಅಪಾಯಕ್ಕೆ ಕಾಲಂ ಇಲ್ಲ. ಆದರೆ ನಿಮ್ಮ ಜಮೀನಲ್ಲಿ ಹಾಗೆ ಆದರೆ ಪೊಲೀಸರು ಮೊದಲು ಕೇಳೋದು ಪಹಣಿಯಲ್ಲಿ ಯಾರ ಹೆಸರಿದೆ ಅಂತ.

ಟೆಕ್ನಾಲಜಿ ಎಲ್ಲಿ ಸಹಾಯ ಮಾಡುತ್ತೆ?

ಇದು ನಮ್ಮ ಏರಿಯಾ. 'ಪ್ರಾಪ್‌ಟೆಕ್' ಅಂದರೆ ಬುಕಿಂಗ್ ಆ್ಯಪ್, ಡ್ರೋನ್ ವೀಡಿಯೋ ಅಂತ ನಾವು ಅಂದ್ಕೋತೀವಿ. ನನಗೆ ನಿಜಕ್ಕೂ ದೊಡ್ಡ ಟೆಕ್ನಾಲಜಿ ಅನ್ನಿಸಿದ್ದು ಸರ್ಕಾರದ ವೆಬ್‌ಸೈಟ್‌ಗಳು. ಮೊಬೈಲಲ್ಲೇ ಈ ಕ್ರಮದಲ್ಲಿ ನೋಡಿ.

ಮೊದಲು ಭೂಮಿ. ಕರ್ನಾಟಕ 2002ರ ಹೊತ್ತಿಗೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿ, ಕೈಬರಹದ ಪಹಣಿ ನಿಲ್ಲಿಸಿತು. ನಮ್ಮಲ್ಲಿ ಹೆಚ್ಚಿನವರು ಹುಟ್ಟೋ ಮೊದಲೇ ಆದ ಕೆಲಸ ಇದು! ಪಹಣಿ ತೆಗೆದು ಮಾಲೀಕರ ಹೆಸರು ನೋಡಿ. ಆಮೇಲೆ 11ನೇ ಕಾಲಂ ನೋಡಿ, ಸಾಲ, ಇತರೆ ಹಕ್ಕು, ಋಣಗಳು ಅಲ್ಲಿರ್ತವೆ. ಮಾಲೀಕರ ಕಾಲಂನಲ್ಲಿ ಐದಾರು ಹೆಸರು ಒಟ್ಟಿಗೆ ಇದ್ದರೆ ಬಹುಶಃ ಪೋಡಿ ಆಗಿಲ್ಲ ಅಂತ. ಆಗ "ನನ್ನ ಎರಡು ಎಕರೆ" ನಕ್ಷೆಯಲ್ಲಿ ಎಲ್ಲಿದೆ ಅಂತ ಯಾರಿಗೂ ಹೇಳೋಕೆ ಆಗಲ್ಲ. ಖರಾಬು ಎಷ್ಟು ಅಂತಾನೂ ನೋಡಿ. ಬಿ ಖರಾಬು ಅಂದರೆ ದಾರಿ, ಹಳ್ಳ ಥರ ಸಾರ್ವಜನಿಕರದ್ದು, ಅದು ನಿಮ್ಮದಲ್ಲ.

ಎರಡನೆಯದು ಕಾವೇರಿ, ನೋಂದಣಿ ಇಲಾಖೆಯದು. ಇಲ್ಲಿ ಇಸಿ ತೆಗೆದರೆ ಆ ಜಮೀನಿನ ಮೇಲೆ ಯಾವ ಯಾವ ನೋಂದಣಿ ಆಗಿದೆ, ಕ್ರಯ, ಅಡಮಾನ, ಎಲ್ಲ ಗೊತ್ತಾಗುತ್ತೆ.

ಮೂರನೆಯದು ದಿಶಾಂಕ್ ಆ್ಯಪ್. ಹೊಲದಲ್ಲಿ ನಿಂತು ತೆಗೆದರೆ ನೀವು ಯಾವ ಸರ್ವೆ ನಂಬರ್ ಮೇಲೆ ನಿಂತಿದ್ದೀರಿ ಅಂತ ತೋರಿಸುತ್ತೆ.

ನಾಲ್ಕನೆಯದು ಉಪಗ್ರಹ ಚಿತ್ರ. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರ ಹಾಕಿ ನೋಡಿ. ಬೇಸಿಗೆಯಲ್ಲಿ ಬಯಲು ಥರ ಕಾಣೋ ಜಾಗದಲ್ಲಿ ಮಳೆಗಾಲದ ಹಳ್ಳ ಇರುತ್ತೆ. ಪಕ್ಕದಲ್ಲಿ ಕೆರೆ ಇದೆಯಾ, ಕಾಡಿನ ನಾಲಿಗೆ ಥರ ಮರಗಳ ಸಾಲು ಹೊಲದವರೆಗೆ ಬಂದಿದೆಯಾ ನೋಡಿ. ನೀರಿಗೆ ಬರೋ ಪ್ರಾಣಿಗಳ ದಾರಿ ಬಹುತೇಕ ಅಂಥ ಕಡೆಯೇ.

ಟೆಕ್ನಾಲಜಿ ಎಲ್ಲಿ ನಿಲ್ಲುತ್ತೆ?

ಇಲ್ಲೊಂದು ಚಿಕ್ಕ ಇಂಜಿನಿಯರಿಂಗ್ ಲೆಕ್ಕ. ಒಂದು ಗುಂಟೆ ಅಂದರೆ 33 ಅಡಿ × 33 ಅಡಿ, 1,089 ಚದರ ಅಡಿ. 40 ಗುಂಟೆ ಒಂದು ಎಕರೆ. ಮೀಟರಲ್ಲಿ ಗುಂಟೆಯ ಒಂದು ಬದಿ ಸುಮಾರು 10 ಮೀಟರ್. ನಮ್ಮ ಫೋನಿನ ಜಿಪಿಎಸ್ ಬಯಲಲ್ಲೇ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತೆ, ಮರದಡಿ ಇನ್ನೂ ಜಾಸ್ತಿ. ಎರಡು ಎಕರೆ ಚೌಕಾಕಾರ ಇದ್ದರೆ ಒಂದು ಬದಿ 90 ಮೀಟರ್. ಒಂದೇ ಬದಿಯಲ್ಲಿ ಗೆರೆ 5 ಮೀಟರ್ ಸರಿದರೆ 450 ಚದರ ಮೀಟರ್, ಅಂದರೆ ಸುಮಾರು ನಾಲ್ಕೂವರೆ ಗುಂಟೆ ಆ ಕಡೆ ಈ ಕಡೆ ಆಗುತ್ತೆ! ಅದು ಪಕ್ಕದ ರೈತರದ್ದೋ, ಕಾಡಿನದ್ದೋ ಆಗಿದ್ದರೆ ಜಗಳ ಗ್ಯಾರಂಟಿ.

ಹಾಗಾಗಿ ಆ್ಯಪ್ ನೋಡಿ "ಇದು ನಮ್ಮ ಸರ್ವೆ ನಂಬರ್ ಇರಬಹುದು" ಅನ್ನಬಹುದು. "ಬೇಲಿ ಇಲ್ಲೇ ಹಾಕಿ" ಅನ್ನೋಕಾಗಲ್ಲ. ಗಡಿ ಹೇಳಬೇಕಾದವರು ಸರ್ವೆಯರ್. ಮೋಜಿಣಿಯಲ್ಲಿ ಅರ್ಜಿ ಹಾಕಿ ಅಳತೆ ಮಾಡಿಸಿ ನಕ್ಷೆ ತಗೋಬೇಕು. ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯೋ ರೋವರ್, ಡ್ರೋನ್ ಸರ್ವೆ ಬಂದಿವೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆ ಜಾಗಗಳನ್ನ ಡ್ರೋನಿಂದ ಅಳೆಯುತ್ತಿದ್ದಾರೆ. ಆದರೆ ಎಷ್ಟು ನಿಖರ ಯಂತ್ರ ಆದರೂ ಅದು ಅಳೆಯೋದು ಜಾಗವನ್ನ, ಹಕ್ಕನ್ನಲ್ಲ. ಹಕ್ಕು ಇರೋದು ಕಾಗದದಲ್ಲಿ.

ಪ್ರಾಪ್‌ಟೆಕ್ ಹೆಸರಲ್ಲಿ ಇನ್ನೊಂದು ಬರ್ತಿದೆ: "ಕ್ಯಾಂಪ್ ಸೈಟಿನ ಒಂದು ತುಂಡು ಕೊಳ್ಳಿ, ಆ್ಯಪ್‌ನಲ್ಲಿ ತಿಂಗಳ ಆದಾಯ ನೋಡಿ" ಅನ್ನೋ ಸ್ಕೀಮ್. ತುಂಡು ಮಾಲೀಕತ್ವಕ್ಕೆ ಸೆಬಿ 2024ರಲ್ಲಿ 'ಎಸ್‌ಎಂ ರೀಟ್' ಅನ್ನೋ ನಿಯಮ ತಂದಿದೆ. ಅದರಲ್ಲಿ ಆಸ್ತಿ ಕನಿಷ್ಠ 50 ಕೋಟಿಯದ್ದಿರಬೇಕು, ಒಬ್ಬರು ಕನಿಷ್ಠ 10 ಲಕ್ಷ ಹಾಕಬೇಕು. ಸೈಟು ಮಾಡಿ ಮಾರುವವರು 500 ಚದರ ಮೀಟರ್ ಮೀರಿದರೆ ರೇರಾ ನೋಂದಣಿ ಬೇಕು. ಹತ್ತು ಸಾವಿರಕ್ಕೆ ಟೆಂಟಿನ ಪಾಲು ಕೊಡ್ತೀವಿ ಅನ್ನುವವರನ್ನ "ನಿಮ್ಮ ನೋಂದಣಿ ಸಂಖ್ಯೆ ಯಾವ ಕಡೆಯದು, ಸೆಬಿಯದ್ದಾ, ರೇರಾದ್ದಾ?" ಅಂತ ಕೇಳಿ. ಕಾಲೇಜು ಹುಡುಗರ ಇನ್‌ಸ್ಟಾಗ್ರಾಂಗೇ ಇಂಥ ಜಾಹೀರಾತು ಜಾಸ್ತಿ ಬರೋದು.

ಹಾಗಾದ್ರೆ ಏನೂ ಮಾಡಬಾರದಾ?

ಹಾಗಲ್ಲ. ಜಮೀನು ಮಾರದೇ ಆದಾಯ ಮಾಡೋಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕ್‌ನಲ್ಲಿ ಸುಮಾರು 13,000 ಎಕರೆಯನ್ನ ರೈತರಿಂದ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಏರಿಕೆ. ಪಹಣಿಯಲ್ಲಿ ಹೆಸರು ರೈತರದ್ದೇ. ಅಲ್ಲೂ ದೂರುಗಳಿವೆ, ಜಮೀನಿಲ್ಲದ ಕೂಲಿಯವರಿಗೆ ಕೆಲಸ ಹೋಯ್ತು ಅನ್ನೋದು ದೊಡ್ಡ ದೂರು. ಆದರೂ ಮುಂದೆ ಸರ್ಕಾರಿ ಸಂಸ್ಥೆ, ಕೈಯಲ್ಲಿ ಬರೆದ ದರ, ಬರೆದ ಅವಧಿ ಇತ್ತು. ನಮ್ಮೂರಿಗೆ ಬರೋ ಕ್ಯಾಂಪ್ ಕಂಪನಿಯ ಕಾಗದವನ್ನ ಅದರ ಪಕ್ಕ ಇಟ್ಟು ನೋಡಿದರೆ ಏನಿಲ್ಲ ಅಂತ ತಕ್ಷಣ ಗೊತ್ತಾಗುತ್ತೆ.

ಇನ್ನೊಂದು, ರಾತ್ರಿ ತಂಗೋದೇ ಪ್ರವಾಸ ಅಲ್ಲ. ಜುಲೈ, ಆಗಸ್ಟ್‌ನಲ್ಲಿ ಗುಂಡ್ಲುಪೇಟೆ ರಸ್ತೆಯಲ್ಲಿ ಸೂರ್ಯಕಾಂತಿ, ಚೆಂಡು ಹೂವಿನ ಹೊಲ ನೋಡೋಕೆ ಕೇರಳದವರು ಕಾರು ನಿಲ್ಲಿಸ್ತಾರೆ. ಹೊಲದೊಳಗೆ ಫೋಟೋ ತೆಗೆಯೋಕೆ ರೈತರು ಚಿಕ್ಕ ಶುಲ್ಕ ತಗೋತಾರೆ. ಬಂಡವಾಳ ಇಲ್ಲ, ಟೆಂಟ್ ಇಲ್ಲ, ಕತ್ತಲಾಗೋ ಮೊದಲು ಎಲ್ಲರೂ ವಾಪಸ್. ಬೆಳೆಯೂ ಮಾರಾಟ ಆಗುತ್ತೆ. ಅದರ ಪಕ್ಕದಲ್ಲಿ ಒಂದು ಸ್ವಚ್ಛ ಟಾಯ್ಲೆಟ್, ಎಳನೀರು, ತರಕಾರಿ ಮಾರೋ ಜಾಗ, ಯುಪಿಐ ಸ್ಕ್ಯಾನರ್, ಕನ್ನಡ ಮಲಯಾಳಂ ಎರಡರಲ್ಲೂ ಬೋರ್ಡ್ ಹಾಕಿದರೆ? ನನ್ನ ಪ್ರಕಾರ ಕಾಡಂಚಿಗೆ ಹೊಂದೋದು ಈ ಥರದ ಹಗಲು ವ್ಯಾಪಾರ.

ಕೊನೆಗೆ, ದೊಡ್ಡಪ್ಪನಿಗೆ ನಾನು ಬರೆದುಕೊಟ್ಟ ಪಟ್ಟಿಯನ್ನೇ ನಿಮಗೂ ಕೊಡ್ತೀನಿ. ಜಮೀನು ಕೇಳಿ ಬಂದವರಿಗೆ ಕೇಳೋಕೆ ಆರು ಪ್ರಶ್ನೆ:

1. ಈ ಸರ್ವೆ ನಂಬರ್ ಪರಿಸರ ಸೂಕ್ಷ್ಮ ವಲಯದ ಒಳಗಿದೆಯಾ? ನಕ್ಷೆ ತೋರಿಸಿ.
2. ಭೂ ಪರಿವರ್ತನೆ ಯಾರು ಮಾಡಿಸ್ತಾರೆ? ಸಿಗದಿದ್ದರೆ ಒಪ್ಪಂದ ಏನಾಗುತ್ತೆ?
3. ಒಪ್ಪಂದ ನೋಂದಣಿ ಆಗುತ್ತಾ? ಎಷ್ಟು ವರ್ಷಕ್ಕೆ?
4. ಅರ್ಧ ಖಾಲಿ ಇದ್ದರೂ ನಮಗೆ ಬರೋ ಕನಿಷ್ಠ ಎಷ್ಟು?
5. ಅತಿಥಿಗೆ ಪ್ರಾಣಿಯಿಂದ, ಬೆಂಕಿಯಿಂದ ತೊಂದರೆ ಆದರೆ ಹೊಣೆ ಯಾರದ್ದು? ವಿಮೆ ಯಾರ ಹೆಸರಲ್ಲಿ?
6. ನೀವು ಬಿಟ್ಟು ಹೋದಾಗ ಕಾಂಕ್ರೀಟ್ ಕಟ್ಟೆ, ಟಾಯ್ಲೆಟ್ ಗುಂಡಿ ತೆಗೆದು ಹೊಲ ಹೊಲವಾಗೇ ಕೊಡ್ತೀರಾ?

ಪಟ್ಟಿ ಓದಿ ದೊಡ್ಡಪ್ಪ ಆರನೆಯದಕ್ಕೆ ನಿಂತರು. "ಟೆಂಟ ಕಿತ್ಕೊಂಡು ಅವ್ರು ಹೊಂಟೋಯ್ತಾರ ಕನ ಮೊಗ. ಜಮೀನ ನಾವ್ ಎಲ್ಲಿಗ ಕಿತ್ಕೊಂಡ್ ಹೋಗದು?" ಅಂದರು. ನಾನು ಇಷ್ಟುದ್ದ ಬರೆದದ್ದನ್ನ ಅವರು ಎರಡು ವಾಕ್ಯದಲ್ಲಿ ಹೇಳಿದರು. ಕೇಳಲು ಬಂದವರು ಇನ್ನೂ ಮೊದಲ ಮೂರು ಪ್ರಶ್ನೆಗೆ ಕಾಗದ ತಂದಿಲ್ಲ. ಹಾಗಾಗಿ ಸದ್ಯಕ್ಕೆ ಸಹಿ ಇಲ್ಲ.

ಗೆಳೆಯರೇ, ಈ ಸಲ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಪಹಣಿ ತೆಗೆದು, 11ನೇ ಕಾಲಂ ಮನೆಯವರ ಮುಂದೆ ಜೋರಾಗಿ ಓದಿ. ಹೆಸರು ಯಾರದ್ದು, ಸಾಲ ಎಷ್ಟು, ಪೋಡಿ ಆಗಿದೆಯಾ ಅಂತ ಗೊತ್ತಿಲ್ಲದಿದ್ದರೆ ಕೇಳಿ ತಿಳ್ಕೊಳ್ಳಿ. ಕೋಡಿಂಗ್ ಕಲಿತವರಿಗೆ ಒಂದು ಪಹಣಿ ಓದೋದು ಕಷ್ಟ ಏನಲ್ಲ, ಪದಗಳಷ್ಟೇ ಬೇರೆ.